ಅಹಮದಾಬಾದಿನ ಪಂಚರು

ಗಿರಣಿ ಮಾಲೀಕರಿಗೂ ಕಾರ್ಮಿಕರಿಗೂ ಹುಟ್ಟಿದ ತಕರಾರನ್ನು ಕೋರ್ಟಿಗೆ ಒಯ್ಯದೆ, ಎರಡೂ ಕಡೆಯವರು ಒಪ್ಪಿದ ಪಂಚರ ಮುಂದಿಟ್ಟು ತೀರಿಸಿಕೊಳ್ಳುವ ಪದ್ಧತಿ ಅಹಮದಾಬಾದಿನಲ್ಲಿ 1918ರಲ್ಲಿ ಮೊದಲಾಗಿ 1920ರಲ್ಲಿ ಕಾಯಂ ವ್ಯವಸ್ಥೆಯಾಯಿತು. ಕಾರ್ಮಿಕ ಸಂಘಗಳನ್ನು ಗುರುತಿಸುವ ಕಾಯಿದೆ ದೇಶಕ್ಕೆ ಬಂದದ್ದು 1926ರಲ್ಲಿ, ಕಾರ್ಮಿಕ ವಿವಾದಗಳ (ಟ್ರೇಡ್ ಡಿಸ್ಪ್ಯೂಟ್ಸ್) ಕಾಯಿದೆ 1929ರಲ್ಲಿ. 1899ರ ಮಧ್ಯಸ್ಥಿಕೆ ಕಾಯಿದೆಯಂತೂ ಮುಂಬಯಿ, ಕಲ್ಕತ್ತ, ಮದರಾಸಿನಂಥ ಪಟ್ಟಣಗಳ ವ್ಯಾಪಾರಿಗಳಿಗೆಂದು ಮಾಡಿದ್ದು. ಹಾಗಾಗಿ ಸಾಬರಮತಿ ದಂಡೆಯ ಈ ಗಿರಣಿಯೂರು ತನ್ನ ಪಂಚಾಯ್ತಿಯನ್ನು ಕಾನೂನಿನ ಆಸರೆಯಿಲ್ಲದೆ ತಾನೇ ಕಟ್ಟಿಕೊಳ್ಳಬೇಕಾಯಿತು.

ಕಟ್ಟಲು ಬೇಕಾದ ಸಾಮಗ್ರಿ ಊರಿನಲ್ಲೇ ಇತ್ತು. ಸುಲ್ತಾನ ಅಹಮದ್ ಷಾ 1411ರಲ್ಲಿ ಸ್ಥಾಪಿಸಿದ ಈ ನಗರದಲ್ಲಿ ಒಂದೊಂದು ವ್ಯಾಪಾರಕ್ಕೂ ಒಂದೊಂದು ‘ಮಹಾಜನ’, ಕಸುಬುದಾರರಿಗೆ ಅವರವರ ‘ಪಂಚ’ ಇದ್ದವು. ಸರಕಿನ ದರ, ಕೂಲಿ, ಅಂಗಡಿ ಮುಚ್ಚುವ ದಿನ, ಸದಸ್ಯರ ನಡುವಿನ ಜಗಳ ಎಲ್ಲವೂ ಅಲ್ಲೇ ತೀರ್ಮಾನವಾಗುತ್ತಿದ್ದವು. ಮಾತು ಮೀರಿದವನಿಗೆ ದಂಡ. ದಂಡ ತೆರದವನಿಗೆ ಬಹಿಷ್ಕಾರ. 1873ರಲ್ಲಿ ಕೆಲವು ಗಾರೆ ಕೆಲಸದವರು ನಾಲ್ಕು ಕಾಸು ಹೆಚ್ಚು ಸಿಗಲೆಂದು ಬೆಳಗಿನ ಜಾವದಲ್ಲೇ ಕೆಲಸಕ್ಕೆ ಇಳಿಯತೊಡಗಿದಾಗ, ಕೆಲಸವಿಲ್ಲದೆ ಕೂತಿದ್ದವರು ಪಂಚಕ್ಕೆ ದೂರು ಕೊಟ್ಟರು. ಎಲ್ಲರಿಗೂ ಸಾಲುವಷ್ಟು ಕೆಲಸ ಇಲ್ಲದಿರುವಾಗ ಯಾರೂ ಹೆಚ್ಚು ಹೊತ್ತು ದುಡಿಯಕೂಡದು ಎಂದು ಪಂಚ ತೀರ್ಪು ಕೊಟ್ಟಿತು. ಹಳೆಯ ಜಿಲ್ಲಾ ಗೆಜೆಟಿಯರ್ ದಾಖಲಿಸಿರುವ ಈ ಪ್ರಸಂಗದಲ್ಲಿ ವಕೀಲರೂ ಇಲ್ಲ, ಸ್ಟಾಂಪು ಕಾಗದವೂ ಇಲ್ಲ. ಮಹಾಜನಗಳಿಗೆಲ್ಲ ಮೇಲೆ ನಗರಶೇಠ. ಹದಿನೇಳನೆಯ ಶತಮಾನದ ಜೈನ ವಜ್ರವ್ಯಾಪಾರಿ ಶಾಂತಿದಾಸ ಝವೇರಿಯ ಮನೆತನಕ್ಕೆ ಈ ಪಟ್ಟ ಉಳಿದು ಬಂತು. 1725ರಲ್ಲಿ ಮರಾಠರು ಊರನ್ನು ಲೂಟಿ ಮಾಡಲು ಸಿದ್ಧರಾದಾಗ ಈ ಮನೆತನದ ಖುಶಾಲಚಂದ ಕೈಯಿಂದ ಹಣ ಕೊಟ್ಟು ಊರನ್ನು ಬಿಡಿಸಿದ. ವರ್ತಕರು ಅದಕ್ಕೆ ಪ್ರತಿಯಾಗಿ ನೂರು ರೂಪಾಯಿ ಸರಕಿಗೆ ನಾಲ್ಕಾಣೆಯಂತೆ ಅವನ ವಂಶಕ್ಕೆ ಹಕ್ಕು ಬರೆದುಕೊಟ್ಟರು. ಸೂರತ್ತಿನ ಬನಿಯಾಗಳು 1669ರಲ್ಲಿ ಖಾಜಿಯ ಕಿರುಕುಳ ಸಹಿಸದೆ ಸುಮಾರು ಎಂಟು ಸಾವಿರ ಜನ ಒಟ್ಟಾಗಿ ಭರೂಚಿಗೆ ಗುಳೆ ಹೋದದ್ದರ ಹಿಂದೆಯೂ ಇಂಥದೇ ಕಟ್ಟು ಇತ್ತು.

ಈ ವ್ಯವಸ್ಥೆಯನ್ನು ಹೊಗಳುವವರು ಬಹಿಷ್ಕಾರದ ವಿಷಯ ಬಂದಾಗ ದನಿ ತಗ್ಗಿಸುವುದುಂಟು. ಮಹಾಜನದ ನ್ಯಾಯ ಒಳಗಿನವರಿಗೆ ಸಲೀಸು. ಜಾತಿಯ ಕಾರಣಕ್ಕೆ ಹೊರಗೇ ಉಳಿದವರಿಗೆ ಅಲ್ಲಿ ಜಾಗವಿರಲಿಲ್ಲ.

ರಣಛೋಡಲಾಲ ಛೋಟಾಲಾಲರ ಮೊದಲ ಗಿರಣಿ 1861ರಲ್ಲಿ ಓಡತೊಡಗಿತು. 1891ರಲ್ಲಿ ಗಿರಣಿ ಮಾಲೀಕರ ಸಂಘ ಹುಟ್ಟಿತು. ಮುಂಬಯಿಯಂತಲ್ಲದೆ ಇಲ್ಲಿನ ಬಂಡವಾಳ ಬಹುಪಾಲು ಊರಿನದೇ. ಮಾಲೀಕರು ಒಬ್ಬರಿಗೊಬ್ಬರು ನೆಂಟರು, ಒಂದೇ ಮಹಾಜನಗಳ ಮನೆತನದವರು. ಇವರಿಗೆ ಪಂಚರು ಹೊಸಬರಲ್ಲ. ಆದರೆ ಕೂಲಿಯವನನ್ನೂ ತಮಗೆ ಸಮನಾದ ಕಕ್ಷಿಯೆಂದು ಒಪ್ಪಿಕೊಳ್ಳುವುದು ಹೊಸದು. 1918ರ ಜಗಳದ ತಿರುಳೇ ಇದು.

1917ರಲ್ಲಿ ಊರಿಗೆ ಪ್ಲೇಗು ಬಂತು. ನೇಕಾರರು ಹಳ್ಳಿಗೆ ಓಡಿಹೋಗದಿರಲೆಂದು ಮಾಲೀಕರು ‘ಪ್ಲೇಗ್ ಬೋನಸ್’ ಕೊಟ್ಟರು. ಕೆಲವು ಕಡೆ ಅದು ಕೂಲಿಯ ಮುಕ್ಕಾಲು ಪಾಲಿನಷ್ಟಿತ್ತು. ಪ್ಲೇಗು ಇಳಿದ ಮೇಲೆ ಬೋನಸ್ ನಿಲ್ಲಿಸುವ ಮಾತು ಬಂತು. ಆದರೆ ಯುದ್ಧಕಾಲದ ತುಟ್ಟಿ ಇಳಿದಿರಲಿಲ್ಲ. ನೇಕಾರರು ನೂರಕ್ಕೆ 50ರಷ್ಟು ಹೆಚ್ಚಳ ಕೇಳಿದರು, ಮಾಲೀಕರು 20ಕ್ಕೆ ನಿಂತರು. ನೇಕಾರರ ಪರ ನಿಂತವರು ಅನಸೂಯಾ ಸಾರಾಭಾಯಿ. ಮಾಲೀಕರ ಮುಂದಾಳು ಆಕೆಯ ಒಡಹುಟ್ಟಿದ ತಮ್ಮ ಅಂಬಾಲಾಲ. ಗಾಂಧಿ ಇಬ್ಬರಿಗೂ ಬೇಕಾದವರು. ಅವರು ತಮ್ಮ ಕೋಚರಬ್ ಆಶ್ರಮಕ್ಕೆ ದಲಿತ ಕುಟುಂಬವನ್ನು ಸೇರಿಸಿಕೊಂಡಾಗ ದಾನಿಗಳೆಲ್ಲ ಕೈಬಿಟ್ಟಿದ್ದರು. ಆಗ ಹೆಸರು ಹೇಳದೆ 13,000 ರೂಪಾಯಿ ಕೊಟ್ಟುಹೋದ ಶೇಠ್ ಈ ಅಂಬಾಲಾಲರೇ ಎಂಬುದು ಬಲ್ಲವರ ಮಾತು. ಎದುರಾಳಿಯ ಹಂಗಿನಲ್ಲಿರುವವನು ಇಂದಿನ ಕಾನೂನಿನಂತೆ ಪಂಚನ ಕುರ್ಚಿಯ ಹತ್ತಿರವೂ ಸುಳಿಯುವಂತಿಲ್ಲ. ಅಹಮದಾಬಾದಿನಲ್ಲಿ ಆ ಹಂಗೇ ಮಾತುಕತೆಯ ಬಾಗಿಲನ್ನು ತೆರೆದಿಟ್ಟಿತು.

1918ರ ಫೆಬ್ರುವರಿ 14ರಂದು ಪಂಚರ ಮಂಡಳಿ ಕೂಡಿತು. ಕಾರ್ಮಿಕರ ಕಡೆಯಿಂದ ಗಾಂಧಿ, ಶಂಕರಲಾಲ ಬ್ಯಾಂಕರ್, ಆಗ ಊರಿನ ಬ್ಯಾರಿಸ್ಟರ್ ಆಗಿದ್ದ ವಲ್ಲಭಭಾಯಿ ಪಟೇಲ್, ಮಾಲೀಕರ ಕಡೆಯಿಂದ ಅಂಬಾಲಾಲ ಮತ್ತಿಬ್ಬರು, ಮೇಲೆ ಕಲೆಕ್ಟರ್. ಕೆಲಸ ಶುರುವಾಗುವ ಮೊದಲೇ ಕೆಲವು ಗಿರಣಿಗಳಲ್ಲಿ ಕೂಲಿಗಳು ಮುಷ್ಕರ ಹೂಡಿ ಮಾತು ಮುರಿದರು. ಗಾಂಧಿ ತಪ್ಪೊಪ್ಪಿಕೊಂಡರೂ ಮಾಲೀಕರು ಬಿಡಲಿಲ್ಲ. 22ರಂದು ಗಿರಣಿಗಳಿಗೆ ಬೀಗ ಬಿತ್ತು. ತಮಗೂ ಕೂಲಿಗಳಿಗೂ ಇರುವುದು ತಂದೆ ಮಕ್ಕಳ ಸಂಬಂಧ, ಅದರಲ್ಲಿ ಮೂರನೆಯವರಿಗೇನು ಕೆಲಸ ಎಂಬುದು ಅವರ ವಾದ. ಗಾಂಧಿ ಮುಂಬಯಿಯ ಕೂಲಿ, ಊರಿನ ದಿನಸಿ ಬೆಲೆ ಎರಡನ್ನೂ ತೂಗಿ ನೋಡಿ, 35 ನ್ಯಾಯವಾದ ಅಂಕಿ ಎಂದು ನೇಕಾರರಿಗೆ ಹೇಳಿದರು. ನೇಕಾರರು ಅದಕ್ಕಿಂತ ಕಡಿಮೆಗೆ ಗಿರಣಿ ಹೊಗುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು.

ದಿನವೂ ಸಂಜೆ ನದಿದಂಡೆಯ ಜಾಲಿಮರದ ಕೆಳಗೆ ಸಭೆ ಸೇರುತ್ತಿತ್ತು. ಗಾಂಧಿ ಬರೆದು ಅನಸೂಯಾಬೆನ್ ಹೆಸರಿನಲ್ಲಿ ಅಚ್ಚಾದ ಕರಪತ್ರವನ್ನು ಅಲ್ಲಿ ಓದುತ್ತಿದ್ದರು. ಮಾರ್ಚ್ ಬರುವ ಹೊತ್ತಿಗೆ ಜನ ಸೊರಗಿದ್ದರು. ಹೊಟ್ಟೆಪಾಡಿಗೆಂದು ಸಾಬರಮತಿ ಆಶ್ರಮದ ನೇಯ್ಗೆ ಶಾಲೆಯ ತಳಪಾಯಕ್ಕೆ ಮರಳು ತುಂಬುವ ಕೆಲಸ ಕೊಟ್ಟಾಗ, ಶ್ರೀಮಂತ ಮನೆಯ ಅನಸೂಯಾಬೆನ್ ತಾವೇ ಮೊದಲು ಬುಟ್ಟಿ ತಲೆಗೇರಿಸಿ ಹೊಳೆಯ ಹಳ್ಳದಿಂದ ನಡೆದುಬಂದರು. ಹಿಂದೆ ನೇಕಾರರ ಸಾಲು. ಆದರೂ ಕೂಲಿಕೇರಿಯಲ್ಲಿ ಕಟು ಮಾತು ಎದ್ದಿತ್ತು. ಗಾಂಧಿ, ಅನಸೂಯಾಬೆನ್ ಕಾರಿನಲ್ಲಿ ಬರುತ್ತಾರೆ, ಹೊಟ್ಟೆ ತುಂಬ ಉಣ್ಣುತ್ತಾರೆ, ಸಾಯುವವರು ನಾವು ಎಂದು ಕೆಲವರು ಆಡಿಕೊಂಡರು. ಅದು ಕಿವಿಗೆ ಬಿದ್ದ ಮೇಲೆ ಮಾರ್ಚ್ 15ರಂದು ಗಾಂಧಿ ಉಪವಾಸಕ್ಕೆ ಕೂತರು. ಮೂರನೆಯ ದಿನ ಕಳೆಯುವುದರೊಳಗೆ ಮಾಲೀಕರು ಮಣಿದರು. ಈ ಉಪವಾಸ ಅವರ ಮೇಲೆ ಒತ್ತಡವಾಯಿತು, ಅದೊಂದು ಕಳಂಕ ಎಂದು ಗಾಂಧಿಯೇ ಆಮೇಲೆ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ.

ಮಾರ್ಚ್ 18ರ ರಾಜಿಯ ಲೆಕ್ಕ ಸ್ವಾರಸ್ಯವಾಗಿದೆ. ಮೊದಲ ದಿನ 35ರ ಹೆಚ್ಚಳ, ನೇಕಾರರ ಪ್ರತಿಜ್ಞೆ ಉಳಿಯಲೆಂದು. ಎರಡನೆಯ ದಿನ 20, ಮಾಲೀಕರ ಮಾತು ಉಳಿಯಲೆಂದು. ಮೂರನೆಯ ದಿನದಿಂದ ಪಂಚರ ತೀರ್ಪು ಬರುವವರೆಗೆ ಎರಡರ ನಡುವಿನ 27.5. ಗುಜರಾತ್ ಕಾಲೇಜಿನ ಪ್ರಾಧ್ಯಾಪಕ ಆನಂದಶಂಕರ ಧ್ರುವ ಒಬ್ಬರೇ ಪಂಚರಾದರು. ಎರಡೂ ಕಡೆಯವರ ಮಾನ ಉಳಿಸಲು ಅಂಕಗಣಿತವನ್ನು ಇಷ್ಟು ಬಾಗಿಸಿದ ಒಪ್ಪಂದ ಮತ್ತೊಂದು ಸಿಗುವುದು ಕಷ್ಟ. ರಾಜಿಯ ಸಂಭ್ರಮಕ್ಕೆ ಮಾಲೀಕರು ಮಿಠಾಯಿ ಹಂಚಲು ಹೊರಟರು. ಸುಳಿವು ಹತ್ತಿದ ಊರಿನ ಭಿಕ್ಷುಕರು ನುಗ್ಗಿದ್ದರಿಂದ ಅದು ಗದ್ದಲದಲ್ಲಿ ಮುಗಿದು, ಉಳಿದದ್ದನ್ನು ಮಿರ್ಜಾಪುರದ ಅಂಬಾಲಾಲರ ಬಂಗಲೆಯಲ್ಲಿ ಹಂಚಬೇಕಾಯಿತು. ಧ್ರುವರು ಆಗಸ್ಟ್ 10ರಂದು ಕೊಟ್ಟ ತೀರ್ಪಿನಲ್ಲಿ ನೇಕಾರರಿಗೆ 35 ಪೂರ್ತಿ ಸಿಕ್ಕಿತು.

1920ರ ಫೆಬ್ರುವರಿ 25ರಂದು ಮಜೂರ್ ಮಹಾಜನ ಸಂಘ ಸ್ಥಾಪನೆಯಾಯಿತು. ಶೇಠರ ಮಹಾಜನವಿದ್ದ ಊರಿನಲ್ಲಿ ಕೂಲಿಗಳಿಗೂ ಮಹಾಜನ ಬಂತು. ಅದೇ ವರ್ಷ ಕಾಯಂ ಪಂಚಾಯ್ತಿ ಮಂಡಳಿ ರಚನೆಯಾಗಿ ಕಾರ್ಮಿಕರಿಗೆ ಗಾಂಧಿ, ಮಾಲೀಕರಿಗೆ ಶೇಠ್ ಮಂಗಳದಾಸ ಗಿರಧರದಾಸ ಪಂಚರಾದರು. ಕೆಲಸದ ಕ್ರಮ ಹೀಗಿತ್ತು: ದೂರು ಮೊದಲು ಸಂಘದ ಪುಸ್ತಕದಲ್ಲಿ ಬರೆಸಿಕೊಳ್ಳಬೇಕು, ಸಂಘದವರು ಗಿರಣಿಗೆ ಹೋಗಿ ಮ್ಯಾನೇಜರನ ಜತೆ ಮಾತಾಡಬೇಕು, ಅಲ್ಲಿ ಬಗೆಹರಿಯದಿದ್ದರೆ ಎರಡೂ ಸಂಘಗಳ ಕಾರ್ಯದರ್ಶಿಗಳು ಕೂರಬೇಕು, ಆಮೇಲೆ ಇಬ್ಬರು ಪಂಚರು, ಅವರಿಗೂ ಒಮ್ಮತ ಬಾರದಿದ್ದರೆ ಸರಪಂಚ. ಮುರಿದ ಮಗ್ಗ, ಕೊಳಕು ನೀರು, ಜಾಬರ್ ಎಂಬ ಮೇಸ್ತ್ರಿಯ ಬೈಗುಳದಂಥ ಸಣ್ಣ ತಕರಾರುಗಳು ಮೊದಲ ಮೆಟ್ಟಿಲಲ್ಲೇ ತೀರುವಂತಾದದ್ದು ಈ ಏರ್ಪಾಡಿನ ನಿಜವಾದ ಲಾಭ. ದೊಡ್ಡ ತೀರ್ಪುಗಳ ಹೆಸರು ಇತಿಹಾಸದಲ್ಲಿ ಉಳಿದಿದ್ದರೂ ಸಂಘವನ್ನು ಉಳಿಸಿದ್ದು ದೂರು ಪುಸ್ತಕ.

ಪದ್ಧತಿ ಎಲ್ಲಿ ಸೋಲುತ್ತದೆ ಎಂಬುದು 1923ರಲ್ಲಿ ಬಯಲಾಯಿತು. ಗಾಂಧಿ ಯರವಡಾ ಜೈಲಿನಲ್ಲಿದ್ದರು, ಬಟ್ಟೆಗೆ ಬೇಡಿಕೆ ಬಿದ್ದಿತ್ತು. ಮಾಲೀಕರು ಕೂಲಿಯನ್ನು ನೂರಕ್ಕೆ 20ರಷ್ಟು ಕಡಿತ ಮಾಡಹೊರಟರು. ಎರಡು ತಿಂಗಳ ಮುಷ್ಕರದ ಕೊನೆಗೆ ಸುಮಾರು 15.6ರ ಕಡಿತಕ್ಕೆ ಕಾರ್ಮಿಕರು ತಲೆಬಾಗಿದರು. ಒಬ್ಬ ಪಂಚ ಊರಲ್ಲಿಲ್ಲ, ಇನ್ನೊಂದು ಕಡೆಗೆ ಪಂಚಾಯ್ತಿ ಬೇಕಿಲ್ಲ ಎಂದಾಗ ಕಾನೂನಿನ ಬಲವಿಲ್ಲದ ಒಪ್ಪಂದ ಕಾಗದವಾಗಿಯೇ ಉಳಿಯಿತು. ಆ ಕಡಿತವನ್ನು ಮರಳಿ ಪಡೆಯುವ ಬೇಡಿಕೆ 1929ರಲ್ಲಿ ಸರಪಂಚ ದಿವಾನ್ ಬಹಾದ್ದೂರ್ ಕೃಷ್ಣಲಾಲ ಝವೇರಿಯವರ ಮುಂದೆ ಬಂತು. ಕೂಲಿ ಸಂಸಾರಕ್ಕೆ ಸಾಲದೆಂಬ ವಾದಕ್ಕೆ ಅವರು ಕಿವಿಗೊಟ್ಟು ಕಡಿತದ ಒಂದು ಪಾಲನ್ನು ಮರಳಿ ಕೊಡಿಸಿದರು. 1936ರಲ್ಲಿ ಮಾಲೀಕರು ಮತ್ತೆ ದೊಡ್ಡ ಕಡಿತ ಕೇಳಿದಾಗ ಗಾಂಧಿ, ಗಿರಣಿ ಮಾಲೀಕ ಕಸ್ತೂರಭಾಯಿ ಲಾಲಭಾಯಿ ಇಬ್ಬರೂ ಪಂಚರಾಗಿ ಕೂತು ಒಮ್ಮತಕ್ಕೆ ಬರಲಾಗದೆ, ವಿಷಯ ನಿವೃತ್ತ ನ್ಯಾಯಮೂರ್ತಿ ಸರ್ ಗೋವಿಂದರಾವ್ ಮಡಗಾಂವ್ಕರರ ಕೈಗೆ ಹೋಯಿತು. ಅವರು ಕಡಿತವನ್ನು ಒಪ್ಪಲಿಲ್ಲ. ಸರಪಂಚರ ಕುರ್ಚಿ ಪ್ರಾಧ್ಯಾಪಕರಿಂದ ಜಡ್ಜರ ಕಡೆಗೆ ಸರಿದದ್ದನ್ನು ಗಮನಿಸಬಹುದು.

ಅಷ್ಟರಲ್ಲಿ ಸರ್ಕಾರ ಕೈಹಾಕಿತ್ತು. 1934ರಲ್ಲಿ ಮುಂಬಯಿ ಪ್ರಾಂತ್ಯದ ಸಂಧಾನ ಕಾಯಿದೆ ಬಂತು, 1938ರಲ್ಲಿ ಕೈಗಾರಿಕಾ ವಿವಾದ ಕಾಯಿದೆ. 1922ರಿಂದ ಮಜೂರ್ ಮಹಾಜನದ ಕಾರ್ಯದರ್ಶಿಯಾಗಿದ್ದ ಗುಲ್ಜಾರಿಲಾಲ್ ನಂದಾ ಪ್ರಾಂತ್ಯದ ಕಾರ್ಮಿಕ ಮಂತ್ರಿಯಾಗಿ ಮುಂಬಯಿ ಕೈಗಾರಿಕಾ ಸಂಬಂಧಗಳ ಕಾಯಿದೆ, 1946 ಅನ್ನು ತಂದರು. ಆಗ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳೂ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು. ಅಹಮದಾಬಾದಿನ ಮೆಟ್ಟಿಲುಗಳನ್ನೇ ಕಾಯಿದೆ ಕಲಮುಗಳಾಗಿ ಮಾಡಿತು: ಮೊದಲು ಮಾತುಕತೆ, ಆಮೇಲೆ ಸಂಧಾನ, ಆಮೇಲೆ ಪಂಚಾಯ್ತಿ ಇಲ್ಲವೇ ಕೈಗಾರಿಕಾ ನ್ಯಾಯಾಲಯ. ಇವನ್ನು ದಾಟದೆ ಹೂಡಿದ ಮುಷ್ಕರ ಕಾನೂನುಬಾಹಿರ. ಮಾನ್ಯತೆ ಪಡೆದ ಪ್ರಾತಿನಿಧಿಕ ಸಂಘಕ್ಕೆ ಮಾತ್ರ ಕಾರ್ಮಿಕರ ಪರ ಮಾತಾಡುವ ಹಕ್ಕು. ಮಜೂರ್ ಮಹಾಜನಕ್ಕೆ ಇದು ವರ, ಎದುರಾಳಿ ಎಡಪಂಥದ ಸಂಘಗಳಿಗೆ ಬಾಗಿಲು ಹಾಕಿದಂತೆ. ದೇಶಮಟ್ಟದ 1947ರ ಕೈಗಾರಿಕಾ ವಿವಾದಗಳ ಕಾಯಿದೆಗೆ ಸ್ವಯಂಪ್ರೇರಿತ ಮಧ್ಯಸ್ಥಿಕೆಯ 10ಎ ಕಲಮು ಸೇರಿದ್ದು 1956ರಲ್ಲಿ. ಕಾರ್ಮಿಕ ಸಂಘಗಳೂ ಆಡಳಿತಗಳೂ ಹೆಚ್ಚಾಗಿ ಸರ್ಕಾರದ ಟ್ರಿಬ್ಯುನಲ್ಲನ್ನೇ ಹಿಡಿದದ್ದರಿಂದ ಆ ಕಲಮಿಗೆ ಕೆಲಸ ಕಡಿಮೆಯೇ ಸಿಕ್ಕಿತು.

ಸ್ವಾತಂತ್ರ್ಯದ ನಂತರ ಗಿರಣಿ ಮನೆತನಗಳ ಹೊಸ ಪೀಳಿಗೆ ಊರ ಪಶ್ಚಿಮಕ್ಕೆ ಕಣ್ಣು ಹಾಯಿಸಿತು. ಗಿರಣಿಗಳ ಸಂಶೋಧನೆಗೆಂದು 1947ರಲ್ಲಿ ಹುಟ್ಟಿದ ಅಟಿರಾ ಸಂಸ್ಥೆಯಲ್ಲಿ ಕಮಲಾ ಚೌಧರಿ ಮಾನವ ಸಂಬಂಧಗಳ ವಿಭಾಗ ನಡೆಸಿ, ಕಾರ್ಮಿಕರ ಅಸಮಾಧಾನವನ್ನು ಪ್ರಶ್ನಾವಳಿ ಹಿಡಿದು ಅಳೆದರು. 1961ರಲ್ಲಿ ಸ್ಥಾಪನೆಯಾದ ಭಾರತೀಯ ಮ್ಯಾನೇಜ್‌ಮೆಂಟ್ ಸಂಸ್ಥೆ ವಸ್ತ್ರಾಪುರದಲ್ಲಿ ನೆಲೆಗೊಂಡಿತು. ಅದರ ಹಿಂದೆ ಅಂಬಾಲಾಲರ ಮಗ ವಿಕ್ರಮ್ ಸಾರಾಭಾಯಿ ಮತ್ತು 1936ರ ಪಂಚ ಕಸ್ತೂರಭಾಯಿ ಇದ್ದರು; ಕಮಲಾ ಚೌಧರಿ ಅಲ್ಲಿನ ಮೊದಲ ಅಧ್ಯಾಪಕರಲ್ಲಿ ಒಬ್ಬರು. 1962ರಲ್ಲಿ ಗೋಷ್ಠಿಯೊಂದಕ್ಕೆ ಊರಿಗೆ ಬಂದ ಮನೋವಿಶ್ಲೇಷಕ ಎರಿಕ್ ಎರಿಕ್ಸನ್ 1918ರ ಘಟನೆಗೆ ಮನಸೋತು 1969ರಲ್ಲಿ ಅದರ ಮೇಲೆ ದೊಡ್ಡ ಪುಸ್ತಕವನ್ನೇ ಬರೆದ.

ಗಿರಣಿಯ ಹೊರಗೆ ಪಂಚಾಯ್ತಿ ಬೇರೆ ದಾರಿ ಹಿಡಿಯಿತು. ಅಂದಿನ ವಡೋದರಾ ಜಿಲ್ಲೆಯ ರಂಗಪುರದಲ್ಲಿ ಹರಿವಲ್ಲಭ ಪರೀಖರು 1949ರಿಂದ ಆನಂದ ನಿಕೇತನ ಆಶ್ರಮದ ಅಂಗಳದಲ್ಲಿ ಆದಿವಾಸಿಗಳ ಹೊಲದ ಗಡಿ, ಮದುವೆ, ಹೊಡೆದಾಟಗಳ ವ್ಯಾಜ್ಯವನ್ನು ಜನರೆದುರೇ ತೀರಿಸುತ್ತಿದ್ದರು. ಗುಜರಾತ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಪಿ. ಎನ್. ಭಗವತಿಯವರ ಸಮಿತಿ 1971ರಲ್ಲಿ ಕಾನೂನು ನೆರವಿನ ವರದಿ ಕೊಟ್ಟಿತು. 1982ರ ಮಾರ್ಚ್ 14ರಂದು ಅಂದಿನ ಜುನಾಗಢ ಜಿಲ್ಲೆಯ ಊನಾದಲ್ಲಿ ಲೋಕ ಅದಾಲತ್ ನಡೆಯಿತು. ದೇಶದ ಮೊದಲನೆಯದೆಂದು ಅದನ್ನೇ ಎಣಿಸುವುದು ವಾಡಿಕೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ 1995ರಲ್ಲಿ ಜಾರಿಯಾದ ಮೇಲೆ ಲೋಕ ಅದಾಲತ್ತಿನ ರಾಜಿಗೆ ಕೋರ್ಟಿನ ಡಿಕ್ರಿಯ ಬಲ ಬಂತು. ಅದರ ಮೇಲೆ ಅಪೀಲಿಲ್ಲ, ಕಟ್ಟಿದ ಕೋರ್ಟ್ ಫೀ ವಾಪಸು.

ವ್ಯಾಪಾರದ ಮಧ್ಯಸ್ಥಿಕೆ ಮಾತ್ರ 1940ರ ಕಾಯಿದೆಯಡಿ ಕೋರ್ಟಿನಷ್ಟೇ ಗೋಜಲಾಗಿತ್ತು. ಗುಜರಾತ್ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋದ ನ್ಯಾಯಮೂರ್ತಿ ಡಿ. ಎ. ದೇಸಾಯಿ 1981ರ ತೀರ್ಪೊಂದರಲ್ಲಿ ಅದನ್ನು ಕಟುವಾಗಿ ಹಳಿದರು. ಅದರ ಜಾಗಕ್ಕೆ ವಿಶ್ವಸಂಸ್ಥೆಯ ಮಾದರಿ ಕಾನೂನನ್ನು ಆಧರಿಸಿ 1996ರ ಮಧ್ಯಸ್ಥಿಕೆ ಮತ್ತು ಸಂಧಾನ ಕಾಯಿದೆ ಬಂತು. 2015ರ ತಿದ್ದುಪಡಿ ತೀರ್ಪಿಗೆ ಗಡುವು ಹಾಕಿ, ಕಕ್ಷಿಯೊಡನೆ ಯಾವ ಯಾವ ನಂಟಿದ್ದವರು ಪಂಚರಾಗಬಾರದೆಂದು ಪಟ್ಟಿಯನ್ನೇ ಕೊಟ್ಟಿತು. ಆ ಪಟ್ಟಿಯ ಮುಂದೆ 1918ರ ಮಂಡಳಿಯ ಸದಸ್ಯರಲ್ಲಿ ಕಲೆಕ್ಟರ್ ಬಿಟ್ಟು ಉಳಿದವರು ನಿಲ್ಲುವುದು ಅನುಮಾನ. ಸಂಧಾನಕ್ಕೆಂದೇ ಪ್ರತ್ಯೇಕ ಕಾಯಿದೆ ಬಂದದ್ದು 2023ರಲ್ಲಿ.

ಇಷ್ಟು ಕಾನೂನು ಕೂಡುವ ಹೊತ್ತಿಗೆ ಹಳೆಯ ಗಿರಣಿಗಳೇ ಉಳಿದಿರಲಿಲ್ಲ. 1980ರ ದಶಕದಿಂದ ಒಂದರ ಹಿಂದೊಂದು ಮುಚ್ಚಿದವು. ಸಾವಿರಾರು ಕುಟುಂಬಗಳು ಕೂಲಿ ಬಾಕಿ, ಗ್ರಾಚ್ಯುಯಿಟಿಗೆ ಕಾದವು. ಕಂಪನಿ ದಿವಾಳಿಯಾದ ಮೇಲೆ ಸಂಧಾನಕ್ಕೆ ಕೂರಲು ಎದುರಿಗೆ ಶೇಠನೇ ಇರಲಿಲ್ಲ. ಮಜೂರ್ ಮಹಾಜನ ಕಾರ್ಮಿಕರ ಬಾಕಿ ಪಟ್ಟಿ ಹಿಡಿದು ಹೈಕೋರ್ಟಿನಲ್ಲಿ ಅಧಿಕೃತ ಲಿಕ್ವಿಡೇಟರನ ಮುಂದೆ, ಬ್ಯಾಂಕುಗಳ ಜತೆ ಸಾಲಿನಲ್ಲಿ ನಿಂತಿತು. ಗಿರಣಿಯ ಜಮೀನು ಹರಾಜಾದಂತೆ ಹಣ ಕಂತು ಕಂತಾಗಿ ಬಂತು.