ಹೆರಾಲ್ಡ್ ಕಾರು ಮತ್ತು ನಮ್ಮ ಊರಿನ ಜೀಪು

ಬದಿಯಡ್ಕ, ಮುಳ್ಳೇರಿಯ, ಆದೂರು, ಪೆರ್ಲದ ಕಡೆಯ ವಾಹನಗಳ ಚರಿತ್ರೆ ಬರೆಯುವುದಾದರೆ ಜೀಪಿನಿಂದಲೇ ತೊಡಗಬೇಕು. ಮನೆಗೆ ಮೊದಲ ಕಾರು ಬಂದ ಕಥೆ ಹೇಳುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಜೀಪಿನದ್ದು ದುಡಿಮೆಯ ಕಥೆ, ಹೇಳುವವರು ಕಡಿಮೆ.

ಆದರೂ ಹೋಲಿಸುವುದಕ್ಕೆ ಒಂದು ಕಾರು ಬೇಕಲ್ಲ? ನಾನು ಹೆರಾಲ್ಡನ್ನು ಆರಿಸುತ್ತೇನೆ. ಇಂಗ್ಲೆಂಡಿನ ಟ್ರಯಂಫ್ ಕಂಪೆನಿ ಅದನ್ನು 1959ರಲ್ಲಿ ಹೊರತಂದಾಗ ಕೂಪೆ ಮಾದರಿಯೂ ಜೊತೆಗಿತ್ತು. ಅದೇ ಚಾಸಿಯನ್ನು ಗಿಡ್ಡ ಮಾಡಿ ಮುಂದೆ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಮಾಡಿದರು. ನಮ್ಮ ದೇಶದಲ್ಲಿ ಮದರಾಸಿನ ಸ್ಟಾಂಡರ್ಡ್ ಕಂಪೆನಿ 1961ರಿಂದ ಎರಡು ಬಾಗಿಲಿನ ಹೆರಾಲ್ಡ್ ತಯಾರಿಸಿತು. ಇಟಲಿಯ ಮಿಕೆಲೊಟ್ಟಿಯವರ ವಿನ್ಯಾಸ, 948 ಸಿ.ಸಿ. ಎಂಜಿನು. ಅಂಬಾಸಿಡರಿನ ಪಕ್ಕದಲ್ಲಿ ನಿಲ್ಲಿಸಿದರೆ ಮದುಮಗನ ಹಾಗೆ ಕಾಣುತ್ತಿತ್ತು! ಚಂದ ಮಾತ್ರವಲ್ಲ, ಬುದ್ಧಿಯೂ ಇತ್ತು. ಬಾನೆಟ್ ಇಡಿಯಾಗಿ ಮುಂದಕ್ಕೆ ಮಗುಚುವುದರಿಂದ ಮೆಕ್ಯಾನಿಕ್ ಚಕ್ರದ ಮೇಲೆ ಕುಳಿತೇ ರಿಪೇರಿ ಮಾಡಬಹುದು. ಸುಮಾರು 25 ಅಡಿ ಜಾಗದಲ್ಲಿ ಪೂರ್ತಿ ತಿರುಗುತ್ತದೆ, ಅಂದರೆ ಅಡಕೆ ಒಣಗಿಸುವ ಅಂಗಳದಲ್ಲೇ ತಿರುಗಿಸಿಕೊಳ್ಳಬಹುದು. ಆದರೆ ಅಂಗಳಕ್ಕೆ ತಲುಪಬೇಕಷ್ಟೆ.

ಜೂನ್ ಬಂದರೆ ನಮ್ಮ ಮುರಕಲ್ಲಿನ ಚಡವುಗಳು ಏನಾಗುತ್ತವೆಂದು ಓದುಗರಿಗೆ ಹೇಳಬೇಕಾಗಿಲ್ಲ. ಅಲ್ಲಿ ಜೀಪಿನದೇ ಆಟ. 1941ರಲ್ಲಿ ಯುದ್ಧಕ್ಕೆಂದು ಹುಟ್ಟಿದ ವಿಲ್ಲೀಸ್ ಜೀಪಿಗೆ 2.2 ಲೀಟರಿನ ಎಂಜಿನು, ನಾಲ್ಕೂ ಚಕ್ರಕ್ಕೆ ಎಳೆತ, ಜೊತೆಗೆ ‘ಲೋ’ ಎಂಬ ಮತ್ತೊಂದು ಗೇರಿನ ಕೋಲು. ಅದನ್ನು ಹಾಕಿದರೆ ವೇಗ ಇಳಿಯುತ್ತದೆ, ಎಳೆಯುವ ಬಲ ಏರುತ್ತದೆ. ಸ್ವಾತಂತ್ರ್ಯ ಬಂದ ಹೊಸತರಲ್ಲೇ ಮಹೀಂದ್ರದವರು ಮುಂಬೈಯಲ್ಲಿ ಜೀಪು ಜೋಡಿಸಲು ತೊಡಗಿದರು. ಮತ್ತೆ ಬಂದ ಎತ್ತರದ ಬಾನೆಟಿನ ಮಾದರಿ ದಶಕಗಟ್ಟಲೆ ನಡೆಯಿತು.

ಇಲ್ಲಿ ಅದು ‘ಸರ್ವಿಸ್ ಜೀಪು’ ಆಯಿತು. ಹಿಂದೆ ಎದುರುಬದುರು ಬೆಂಚು, ಮೇಲೆ ಟಾರ್ಪಾಲು, ಕಾಲ ಬುಡದಲ್ಲಿ ಅಡಕೆ ಗೋಣಿ, ಹಿಂಬದಿಯಲ್ಲಿ ನೇತಾಡುವವರು. ಡ್ರೈವರನಿಗೆ ಅರ್ಧ ಸೀಟು ಸಿಕ್ಕಿದರೆ ಪುಣ್ಯ. ಬಸ್ಸು ಹೋಗದ ಕಡೆಗೆ ರೇಶನ್ ಅಕ್ಕಿ ಹೋದದ್ದು, ಹೆರಿಗೆ ನೋವಿನವರನ್ನು ಕುರ್ಚಿಯಲ್ಲಿ ಹೊತ್ತು ತಂದು ಮಂಗಳೂರಿನ ಆಸ್ಪತ್ರೆಗೆ ಹೊರಡಿಸಿದ್ದು ಇದರಲ್ಲೇ. ಪೆಟ್ರೋಲಿಗೆ ದುಡ್ಡು ಸಾಲದಾದಾಗ ಡೀಸೆಲ್ ಎಂಜಿನು ಕೂರಿಸಿದರು. ಜನ ಹೆಚ್ಚಾದಾಗ ಹಿಂಬದಿ ಉದ್ದ ಮಾಡಿಸಿದರು. ತಗಡು ಹೋದಲ್ಲಿ ಬೇರೆ ತಗಡು.

ತಕರಾರು ಇರುವುದು ಇಲ್ಲೇ. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ ವಾಹನಕ್ಕೆ ‘ವಿಂಟೇಜ್’ ಮಾನ್ಯತೆ ಸಿಗುತ್ತದೆ, ಆದರೆ ಮೂಲರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಮಾನ್ಯತೆ ಸಿಕ್ಕಿದರೆ ಹಳೆಯ ನಂಬರನ್ನೂ ಉಳಿಸಿಕೊಳ್ಳಬಹುದು. ನಮಗೆ ಅದು ಸಣ್ಣ ಸಂಗತಿಯಲ್ಲ. 1956ರ ನವೆಂಬರ್ 1ಕ್ಕೆ ದಕ್ಷಿಣ ಕನ್ನಡದಿಂದ ಬೇರ್ಪಟ್ಟ ನಾವು 1984ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವ ತನಕ ಕಣ್ಣೂರಿನವರಾಗಿದ್ದೆವು ಎಂಬುದಕ್ಕೆ ‘ಕೆ.ಎಲ್.ಸಿ.’ ಎಂಬ ಆ ಹಳೆಯ ಫಲಕ ಸಾಕ್ಷಿ. ಶೆಡ್ಡಿನಲ್ಲಿ ಬಟ್ಟೆ ಹೊದ್ದು ಮಲಗಿದ ಹೆರಾಲ್ಡಿಗೆ ಈ ಗೌರವ ಸಿಗಬಹುದು. ಊರಿಡೀ ಹೊತ್ತು ತಿರುಗಿ ರೂಪ ಕೆಟ್ಟ ಜೀಪಿಗೆ ಗುಜರಿಯೇ ಗತಿ. ನಿಯಮ ಮಾಡಿದವರಿಗೆ ಅವರದ್ದೇ ಲೆಕ್ಕ ಇರಬಹುದು, ನನಗೆ ಒಪ್ಪಿಗೆಯಿಲ್ಲ. ಆ ಬದಲಾದ ಎಂಜಿನು, ಉದ್ದದ ಬೆಂಚುಗಳೇ ಅದರ ಚರಿತ್ರೆ.

ಯಾವ ಜೀಪು ಯಾವ ದಾರಿಯಲ್ಲಿ ಓಡಿತು, ಬಾಡಿಗೆ ಎಷ್ಟಿತ್ತು, ಎಂಜಿನು ಬದಲಾಯಿಸಿದ್ದು ಯಾವ ವರ್ಷ ಎಂದು ಹಳೆಯ ಡ್ರೈವರುಗಳನ್ನು ಕೇಳಿ ವಾಚನಾಲಯದ ಒಂದು ಪುಸ್ತಕದಲ್ಲಿ ಬರೆದಿಡುವ ಕೆಲಸ ಈ ಮಳೆಗಾಲದಲ್ಲೇ ಆಗಬೇಕು.