ದತ್ತರಚನೆಗಳ ಪರೀಕ್ಷೆ ಮತ್ತು ಬೆಂಚ್‌ಮಾರ್ಕ್

ಹ್ಯಾಷ್ ಟೇಬಲ್, ಟ್ರೀ, ಲಿಸ್ಟ್ ಮೊದಲಾದ ದತ್ತರಚನೆಗಳನ್ನು ಪ್ರೋಗ್ರಾಮರುಗಳು ಈಗ ಸ್ವತಃ ಬರೆಯುವುದು ಅಪರೂಪ. ಸಿದ್ಧ ಲೈಬ್ರರಿಯಿಂದ ಎತ್ತಿಕೊಳ್ಳುತ್ತಾರೆ. ಲೈಬ್ರರಿಯಲ್ಲಿ ಉಳಿದ ತಪ್ಪು ಅದನ್ನು ನೆಚ್ಚಿದ ತಂತ್ರಾಂಶಗಳಿಗೆಲ್ಲ ಅಂಟಿಕೊಳ್ಳುತ್ತದೆ. ರಚನೆ ಸರಿಯಾದ ಉತ್ತರ ಕೊಡುತ್ತದೆಯೇ ಎಂದು ಯಂತ್ರದಿಂದಲೇ ನೋಡಿಸುವುದು ಸ್ವಯಂಚಾಲಿತ ಪರೀಕ್ಷೆ. ಅದಕ್ಕೆ ಎಷ್ಟು ಹೊತ್ತು, ಎಷ್ಟು ಮೆಮೊರಿ ಬೇಕೆಂದು ಅಳೆಯುವುದು ಬೆಂಚ್‌ಮಾರ್ಕ್.

ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ 1997ರಲ್ಲಿ ವಿಮಾನಯಾನದ ನಡುವೆ ಬರೆಯತೊಡಗಿದ ಜೆಯುನಿಟ್ ಎಂಬ ಸಾಧನ ಸ್ವಯಂಚಾಲಿತ ಪರೀಕ್ಷೆಗಳನ್ನು ದಿನನಿತ್ಯದ ಕೆಲಸವಾಗಿಸಿತು. ಅಲ್ಲಿ ಪರೀಕ್ಷೆಗೆ ಬೇಕಾದ ಮಾದರಿಗಳನ್ನು ಪರೀಕ್ಷೆ ಬರೆಯುವವನೇ ಯೋಚಿಸಿ ಕೊಡಬೇಕು. 2000ದಲ್ಲಿ ಪ್ರಕಟವಾದ ಕ್ವಿಕ್‌ಚೆಕ್, ನಿಯಮವನ್ನಷ್ಟೇ ಹೇಳಿದರೆ ಮಾದರಿಗಳನ್ನು ತಾನೇ ಹುಟ್ಟಿಸತೊಡಗಿತು. ಯೋಚನೆಗೆ ಬಾರದ ಮಾದರಿಯಲ್ಲೇ ತಪ್ಪು ಅಡಗಿರುತ್ತದೆ ಎಂಬುದಕ್ಕೆ ಜಾವಾ ಲೈಬ್ರರಿಯ ಬೈನರಿ ಸರ್ಚ್ (ಪಟ್ಟಿಯನ್ನು ಅರ್ಧರ್ಧ ಮಾಡುತ್ತ ಹುಡುಕುವ ವಿಧಾನ) ಸಾಕ್ಷಿ. ನಡುವಿನ ಸ್ಥಾನ ಹುಡುಕಲು ಎರಡು ತುದಿಗಳನ್ನು ಕೂಡಿದಾಗ ಮೊತ್ತ 2,14,74,83,647 ದಾಟಿದರೆ ಅದು ಋಣಸಂಖ್ಯೆಯಾಗುತ್ತಿತ್ತು. ಹಾಗಾಗಲು ಪಟ್ಟಿಯಲ್ಲಿ ನೂರು ಕೋಟಿಗೂ ಮೀರಿ ಅಂಶಗಳಿರಬೇಕು. ಅಷ್ಟು ದೊಡ್ಡ ಪಟ್ಟಿ ಕೊಟ್ಟು ನೋಡಿದವರಾರು? ಆ ಕೋಡ್ ಬರೆದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ಇದನ್ನು ಜಗತ್ತಿಗೆ ತಿಳಿಸಿದರು.

ಕರ್ನಾಟಕದಲ್ಲಿ ಇಂಥ ಪರೀಕ್ಷೆಗೆ ಹತ್ತಿರದ ಕೆಲಸವೊಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದು. ಜಯಂತ್ ಹರಿತ್ಸ ಅವರ ತಂಡ 2005ರಲ್ಲಿ, ಪ್ರಶ್ನೆಗೆ ಉತ್ತರ ಹುಡುಕುವ ದಾರಿಯನ್ನು ಆರಿಸುವ ಡೇಟಾಬೇಸ್ ಆಪ್ಟಿಮೈಜರುಗಳನ್ನು ಒಂದೆರಡು ಪ್ರಶ್ನೆಗಳಿಂದಲ್ಲ, ಒಂದೇ ಪ್ರಶ್ನೆಯ ಮೌಲ್ಯಗಳನ್ನು ಉದ್ದಗಲಕ್ಕೂ ಬದಲಿಸುತ್ತ ಪರೀಕ್ಷಿಸಿತು. ಬಂದ ಬಣ್ಣಬಣ್ಣದ ನಕ್ಷೆಗಳು ಕ್ಯೂಬಿಸ್ಟ್ ಚಿತ್ರಗಳಂತಿದ್ದವು. ಹಾಗಾಗಿ ಆ ನಕ್ಷೆಗಳನ್ನು ಬಿಡಿಸುವ ಸಾಧನಕ್ಕೆ ಪಿಕಾಸೊ ಎಂದೇ ಹೆಸರು.

ಕನ್ನಡ ಪದಗಳು ಲೈಬ್ರರಿಗೆ ಬೇರೆಯದೇ ಸವಾಲು. ಯೂನಿಕೋಡ್‌ನಲ್ಲಿ ‘ನರಸೀಪುರ’ವನ್ನು ಎರಡು ರೀತಿ ದಾಖಲಿಸಬಹುದು: ದೀರ್ಘ ‘ಸೀ’ಗೆ ಒಂದೇ ಚಿಹ್ನೆ ಬಳಸಿದರೆ 7 ಸಂಕೇತ, ಗುಡಿಸಿನ ಮುಂದೆ ದೀರ್ಘದ ಚಿಹ್ನೆ ಸೇರಿಸಿದರೆ 8. ಯುಟಿಎಫ್-8ರಲ್ಲಿ ಕ್ರಮವಾಗಿ 21 ಮತ್ತು 24 ಬೈಟ್. ಪರದೆಯ ಮೇಲೆ ಎರಡೂ ಒಂದೇ ಊರು; ಬೈಟುಗಳನ್ನಷ್ಟೇ ನೋಡುವ ಹ್ಯಾಷ್ ಟೇಬಲಿಗೆ ಎರಡು ಊರು. ‘ಮೈಸೂರು’ ಪದದ ‘ಮೈ’ಗೂ ಇದೇ ಪಾಡು. ‘ನಂಜನಗೂಡು’ ಈ ತಾಪತ್ರಯದಿಂದ ಪಾರು: ಕೊಂಬಿನ ದೀರ್ಘಕ್ಕೆ ಅಂಥ ಇಬ್ಬಗೆಯಿಲ್ಲ. ಟೇಬಲಿನ ಕೀಲಿಗಳನ್ನು, ಅಂದರೆ ಹುಡುಕಲು ಬಳಸುವ ಪದಗಳನ್ನು, ಮೊದಲೇ ಒಂದೇ ರೂಪಕ್ಕೆ ತರುವುದು ಇದಕ್ಕೆ ಪರಿಹಾರ. ಆ ಕೆಲಸ ಸರಿಯಾಗಿದೆಯೇ ಎಂದು ನೋಡಲು ಯೂನಿಕೋಡ್ ಒಕ್ಕೂಟವೇ ಪರೀಕ್ಷಾ ಕಡತ ಒದಗಿಸುತ್ತದೆ.

ಬೆಂಚ್‌ಮಾರ್ಕಿನಲ್ಲೂ ಲಿಪಿ ಲೆಕ್ಕಕ್ಕೆ ಬರುತ್ತದೆ. 2017ರ ಜಾವಾ 9, ಲ್ಯಾಟಿನ್ ಅಕ್ಷರಕ್ಕೆ ಎರಡರ ಬದಲು ಒಂದೇ ಬೈಟ್ ಸಾಕೆನಿಸಿತು. ಇಂಗ್ಲಿಷಿನಲ್ಲಿ ಹತ್ತಕ್ಷರವಾಗುವ ನರಸೀಪುರದ ಹೆಸರು 20 ಬೈಟಿನಿಂದ 10ಕ್ಕೆ ಇಳಿಯಿತು. ಕನ್ನಡದ ‘ನರಸೀಪುರ’ಕ್ಕೆ ಮಾತ್ರ ಹಿಂದಿನ 14 ಬೈಟೇ ಉಳಿಯಿತು.