ಬಾರಿಸು ಅಂದವರು, ಬಾರಿಸ್ತೀವಿ ಅಂದವರು: ನಮ್ಮ ಮಡಕಶಿರದ ತಮಟೆಯ ಇತಿಹಾಸ



ಈ ವಾರ್ಷಿಕೋತ್ಸವಕ್ಕೆ ಸೇರಿದ ಮೊದಲ ಮೀಟಿಂಗಿನಲ್ಲೇ ಒಂದು ಜಗಳ ಆಯ್ತು, ನಿಮಗೆ ನೆನಪಿರಬೇಕು. ಮೆರವಣಿಗೆಗೆ ಡಿಜೆ ತರಿಸೋಣ ಅಂತ ಕೆಲವರು. ಬೇಡ, ನಮ್ಮ ತಮಟೆಯೇ ಇರಲಿ ಅಂತ ಕೆಲವರು. ಹಿಂದೆ ಗೋಡೆಗೆ ಒರಗಿ ಕೂತಿದ್ದ ಹಿರಿಯರೊಬ್ಬರು ಎದ್ದು ನಿಂತು, "ಅದನ್ನ ಕೊರಳಿಂದ ಇಳಿಸೋಕೆ ನಾವು ಪಟ್ಟ ಪಾಡು ನಿಮಗೆ ಗೊತ್ತಾ? ಮತ್ತೆ ನೀವೇ ಹಾಕ್ಕೊಳ್ತೀರಾ?" ಅಂತ ಕೇಳಿದರು. ಯಾರೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಬಿ.ಎ.ಯಲ್ಲಿ ಇತಿಹಾಸ ಓದ್ತಿದ್ದೀನಿ, ಆದರೂ ನಮ್ಮ ಕಾಲೋನಿಯ ಇತಿಹಾಸದ ಒಂದು ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಹಿರಿಯರ ಹತ್ತಿರ ಕೂತು ಕೇಳಿದೆ. ಸಿಕ್ಕ ಪುಸ್ತಕ ಓದಿದೆ. ತಿಳಿದದ್ದನ್ನ ನಿಮ್ಮ ಮುಂದೆ ಇಡ್ತೀನಿ. ತಪ್ಪಿದ್ದರೆ ತಿದ್ದಿ.

ಪುಸ್ತಕದಲ್ಲಿರುವ ಮಡಕಶಿರ

ನಮ್ಮ ಸೀಮೆಯ ಇತಿಹಾಸ ಅಂದ್ರೆ ಎಲ್ಲರೂ ಮೊದಲು ಹೇಳೋದು ಅಮರಾಪುರದ ಕಡೆಯ ಹೇಮಾವತಿ. ಅದರ ಹಳೆಯ ಹೆಸರು ಹೆಂಜೇರು. ನೊಳಂಬ ಪಲ್ಲವರ ರಾಜಧಾನಿ. ಅಲ್ಲಿನ ಶಾಸನಗಳಲ್ಲಿ ಕನ್ನಡ ಇದೆ, ಕಂಬಗಳಲ್ಲಿ ಕಣ್ಣು ಕೀಳಲಾಗದ ಕೆತ್ತನೆ ಇದೆ. ಆಮೇಲೆ ಪಾಳೇಗಾರರ ಕತೆ, ರತ್ನಗಿರಿ ಕೋಟೆಯ ಕತೆ ಬರುತ್ತೆ. ಆಮೇಲೆ ಬ್ರಿಟಿಷರು. 1882ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದು ಅನಂತಪುರ ಜಿಲ್ಲೆ ಮಾಡಿದಾಗ ಮಡಕಶಿರ ಅನಂತಪುರಕ್ಕೆ ಸೇರಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ರಾಯದುರ್ಗವೂ ಬಳ್ಳಾರಿ ಬಿಟ್ಟು ಈ ಕಡೆ ಬಂತು. 1956ರ ನವೆಂಬರ್ 1ರಂದು ಆ ಕಡೆಯವರಿಗೆ ಹೊಸ ಮೈಸೂರು ರಾಜ್ಯ, ನಮಗೆ ಆಂಧ್ರಪ್ರದೇಶ. ಉತ್ತರಕ್ಕೆ ಪಾವಗಡ, ಪಶ್ಚಿಮಕ್ಕೆ ಶಿರಾ, ದಕ್ಷಿಣಕ್ಕೆ ಮಧುಗಿರಿ. ಮೂರು ಕಡೆ ಕರ್ನಾಟಕ, ನಡುವೆ ನಾವು. 2022ರ ಏಪ್ರಿಲ್‌ನಿಂದ ನಮ್ಮದು ಶ್ರೀ ಸತ್ಯಸಾಯಿ ಜಿಲ್ಲೆ.

ಈ ಇತಿಹಾಸದಲ್ಲಿ ರಾಜರಿದ್ದಾರೆ, ಕೋಟೆ ಇದೆ, ಗಡಿ ಇದೆ. ಜಾತ್ರೆಯ ಮುಂದೆ, ಮದುವೆಯ ಮುಂದೆ, ಹೆಣದ ಮುಂದೆ ನಡೆದವರು ಇಲ್ಲ. ನಮ್ಮ ತಾತ-ಮುತ್ತಾತಂದಿರನ್ನು ಬಿಟ್ಟು ಈ ಊರಲ್ಲಿ ಒಂದು ಜಾತ್ರೆಯೂ ಆಗಿಲ್ಲ, ಒಂದು ಹೆಣವೂ ಎದ್ದಿಲ್ಲ. ಅವರ ಇತಿಹಾಸ ಕಲ್ಲಿನ ಮೇಲೆ ಬರೆದಿಲ್ಲ. ಅದು ಚರ್ಮದಲ್ಲಿದೆ.

ಚರ್ಮ, ಬೆಂಕಿ, ಕೋಲು

ನಮ್ಮ ಮನೆಯಲ್ಲಿ ನಾವು ತಮಟೆ ಅಂತೀವಿ. ತೆಲುಗಿನಲ್ಲಿ ಡಪ್ಪು. ಎರಡೂ ಒಂದೇ. ಮರದ ಬಳೆಗೆ ಹುಣಸೆಬೀಜದ ಅಂಟು ಬಳಿದು, ಹದ ಮಾಡಿದ ಚರ್ಮ ಎಳೆದು ಕಟ್ಟುತ್ತಾರೆ. ಬಲಗೈಗೆ ಗಿಡ್ಡನೆಯ ದಪ್ಪ ಕೋಲು, ಎಡಗೈಗೆ ಉದ್ದನೆಯ ಸಣ್ಣ ಕಡ್ಡಿ. ಬಾರಿಸುವ ಮುಂಚೆ ಹುಲ್ಲು ಹೊತ್ತಿಸಿ ಕಾಯಿಸಬೇಕು. ಕಾದ ಮೇಲೆ ಬೆರಳಲ್ಲಿ ಮುಟ್ಟಿ ನೋಡಿ, "ಆಯ್ತು, ಈಗ ಮಾತಾಡ್ತದೆ" ಅಂತಿದ್ರು ನಮ್ಮ ತಾತ. ಈಗ ಫೈಬರಿನ ತಮಟೆ ಬಂದಿದೆ, ಮಳೆಯಲ್ಲಿ ನೆನೆದರೂ ಸದ್ದು ಇಳಿಯಲ್ಲ, ಬೆಂಕಿಯೂ ಬೇಡ.

ಮದುವೆಗೆ ಒಂದು ಗತ್ತು, ಸಾವಿಗೆ ಒಂದು ಗತ್ತು, ದೇವರು ಹೊರಡೋಕೆ ಒಂದು, ಡಂಗೂರಕ್ಕೆ ಒಂದು. ಹಿರಿಯರು ದೂರದಿಂದ ಕೇಳಿಯೇ ಊರಲ್ಲಿ ಏನಾಯ್ತು ಅಂತ ಹೇಳಿಬಿಡ್ತಿದ್ರು. ಫೋನ್ ಇಲ್ಲದ ಕಾಲದಲ್ಲಿ ಊರಿನ ಸುದ್ದಿಯೇ ತಮಟೆ.

ತಮಟೆ ಒಂದೇ ಅಲ್ಲ. ನಮ್ಮ ಅನಂತಪುರ ಸೀಮೆಯ ಉರುಮೆ ಇದೆ. ಒಂದು ಕಡೆ ಬಾರಿಸಿ, ಇನ್ನೊಂದು ಕಡೆ ಬಾಗಿದ ಕಡ್ಡಿಯಿಂದ ಉಜ್ಜಿದರೆ ಗುಡುಗು ಗೊರಗುಟ್ಟಿದ ಹಾಗೆ ಸದ್ದು. ತೆಲುಗಿನಲ್ಲಿ ಉರುಮು ಅಂದ್ರೆ ಗುಡುಗೇ. ತುಮಕೂರು ಕಡೆಯ ಅರೆವಾದ್ಯ ಇದೆ. ರಾತ್ರಿಯೆಲ್ಲ ಅಮ್ಮನ ಕತೆ ಹಾಡುವ ಆಸಾದಿಗಳು ಇದ್ದಾರೆ. ಹೆಂಗಸರ ಸೋಬಾನೆ, ಕೋಲಾಟ ಇದೆ. ಓದು ಬರಹ ಮುಟ್ಟಗೊಡದ ಕಾಲದಲ್ಲಿ ಇಷ್ಟೆಲ್ಲವನ್ನೂ ಬರೀ ನೆನಪಿನಲ್ಲಿ ಇಟ್ಟುಕೊಂಡು ಬಂದವರು ನಮ್ಮವರು. ಇದಕ್ಕೆ ಹೊರಗಿನವರು ಕೊಟ್ಟ ಹೆಸರು ಏನು ನೋಡೋಣ.

ದಾಖಲೆಯಲ್ಲಿ ನಾವು

ಎಡ್ಗರ್ ಥರ್ಸ್ಟನ್ ಅಂತ ಒಬ್ಬ ಬ್ರಿಟಿಷ್ ಅಧಿಕಾರಿ 1909ರಲ್ಲಿ ದಕ್ಷಿಣ ಭಾರತದ ಜಾತಿಗಳ ಬಗ್ಗೆ ಏಳು ಸಂಪುಟ ಪ್ರಕಟಿಸಿದ. ಅದರಲ್ಲಿ ಬಳ್ಳಾರಿ ಜಿಲ್ಲೆಯ ಆಸಾದಿಗಳ ವಿಷಯ ಬರುತ್ತೆ. ಆಗ ರಾಯದುರ್ಗ ಆ ಜಿಲ್ಲೆಯಲ್ಲೇ ಇತ್ತು. 1901ರ ಮದ್ರಾಸ್ ಜನಗಣತಿ ವರದಿಯನ್ನು ಎತ್ತಿಕೊಂಡು ಅವನು ಬರೆದದ್ದರ ಸಾರ ಇಷ್ಟು: ಗಂಡಸರು ಹಾಡು ಕುಣಿತದವರು, ಹೆಂಗಸರು ವೇಶ್ಯೆಯರು. ಅಷ್ಟೇ, ಮುಗೀತು. ರಾತ್ರಿಯೆಲ್ಲ ನಡೆಯುವ ಒಂದು ಕಾವ್ಯವನ್ನು ಬಾಯಿಪಾಠ ಇಟ್ಟುಕೊಂಡವರ ಬಗ್ಗೆ ಸರ್ಕಾರಕ್ಕೆ ಕಂಡದ್ದು ಅಷ್ಟು. ಆ ಹೆಂಗಸರನ್ನು ದೇವರ ಹೆಸರಲ್ಲಿ ಬಿಟ್ಟವರು ಯಾರು, ಅದರಿಂದ ಅನುಕೂಲ ಪಡೆದವರು ಯಾರು ಅನ್ನೋದು ಆ ಸಾಲಿನಲ್ಲಿಲ್ಲ. ಅದನ್ನು ಓದಿದ ದಿನ ಪುಸ್ತಕ ಮುಚ್ಚಿ ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ.

ಸರ್ಕಾರವೇ ಕಾನೂನು ಮಾಡಿದ್ದೂ ಇದೆ. 1895ರಲ್ಲಿ ಮದ್ರಾಸ್ ಸರ್ಕಾರ ವಂಶಪಾರಂಪರ್ಯ ಗ್ರಾಮ ಹುದ್ದೆಗಳ ಕಾಯ್ದೆ ತಂದಿತು. ಗೌಡನ ಮಗ ಗೌಡ, ಕರಣಿಕನ ಮಗ ಕರಣಿಕ. ಹಾಗಾದ್ರೆ ಡಂಗೂರ ಸಾರುವವನ ಮಗ? ಅವನಿಗೂ ಅಪ್ಪನ ಕೆಲಸವೇ. ಮೇಲಿನವರಿಗೆ ಅದು ಆಸ್ತಿ ಆಯ್ತು, ಕೆಳಗಿನವರಿಗೆ ಸಂಕೋಲೆ ಆಯ್ತು.

ನಮ್ಮ ತಾತನ ಮಾತು ಹೇಳ್ತೀನಿ. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ನಿಂತರೆ ಮೊರದಲ್ಲಿ ರಾಗಿ ಹಾಕ್ತಿದ್ರಂತೆ. ವರ್ಷವೆಲ್ಲ ಬಾರಿಸಿದ್ದಕ್ಕೆ ಅದೇ ಕೂಲಿ. ಒಂದು ಸಲ ಅವರಿಗೆ ಜ್ವರ. ಊರಲ್ಲಿ ದೊಡ್ಡ ಮನೆಯವರೊಬ್ಬರು ತೀರಿಕೊಂಡಿದ್ದರು. ಹೇಳಿಕಳಿಸಿದರು. ಆಗಲ್ಲ ಅಂದ್ರು. ಎರಡನೇ ಸಲ ಬಂದವರು ಕೇಳಲಿಲ್ಲ, ಎಬ್ಬಿಸಿಕೊಂಡು ಹೋದರು. "ಜ್ವರದಲ್ಲಿ ಬಾರಿಸಿದ್ದಕ್ಕೆ ಬೇಜಾರಿಲ್ಲ ಮಗಾ, ನನ್ನ ಆಗಲ್ಲ ಅನ್ನೋ ಮಾತು ಅವರ ಕಿವಿಗೇ ಬೀಳಲಿಲ್ವಲ್ಲ" ಅಂತಿದ್ರು. ಮೀಟಿಂಗಿನಲ್ಲಿ ಎದ್ದು ನಿಂತ ಹಿರಿಯರ ಕೋಪ ನನಗೆ ಅರ್ಥ ಆಗಿದ್ದು ಈ ಮಾತು ನೆನಪಾದಾಗ.

ಪರದೆಯ ಮುಂದೆ, ಬೆಳಕಿನ ಆಚೆ

ನಾಟಕದ ವಿಷಯಕ್ಕೆ ಬರೋಣ. ನಮ್ಮ ಗಡಿ ಸೀಮೆಯ ಭಾಗ್ಯ ಏನು ಅಂದ್ರೆ ನಮಗೆ ಎರಡು ರಂಗಭೂಮಿ. ಆ ಕಡೆಯಿಂದ ಕನ್ನಡ ನಾಟಕ, ಈ ಕಡೆಯಿಂದ ಹಾರ್ಮೋನಿಯಂ ಮೇಲೆ ರಾಗ ಎಳೆಯುವ ತೆಲುಗು ಪದ್ಯನಾಟಕ. ನಮ್ಮ ಹಿರಿಯರು ಎರಡನ್ನೂ ನೋಡಿದವರು. ಆದರೆ ಎಲ್ಲಿ ನಿಂತು? ಪೆಟ್ರೋಮ್ಯಾಕ್ಸ್ ಬೆಳಕು ಮುಗಿಯುವ ಕಡೆ. ನಾಟಕ ಇದೆ ಅಂತ ಸಾರಿದವರು ಅವರೇ, ಚಾಪೆ ಇಲ್ಲದವರೂ ಅವರೇ.

ಅವರು ಹೆಚ್ಚಾಗಿ ಹೇಳೋ ನಾಟಕ ಸತ್ಯಹರಿಶ್ಚಂದ್ರ. ಯಾಕೆ ಅಂತ ಕೇಳಿದೆ. "ಅದ್ರಲ್ಲಿ ರಾಜ ನಮ್ಮ ವೀರಬಾಹು ಕೈಕೆಳಗೆ ಕೆಲಸ ಮಾಡ್ತಾನಲ್ಲ" ಅಂತ ನಕ್ಕರು. ಸುಡುಗಾಡು ಕಾಯೋನೇ ಅಲ್ಲಿ ಯಜಮಾನ!

ಇಲ್ಲಿ ನೀವು ತಿಳಿಯಬೇಕಾದ ಒಂದು ವಿಷಯ ಇದೆ. ತೆಲುಗು ಹರಿಶ್ಚಂದ್ರ ನಾಟಕದ ಸುಡುಗಾಡಿನ ದೃಶ್ಯದಲ್ಲಿ ನಟರು ಹಾಡುವ ಪದ್ಯಗಳು, ಜನ ಒನ್ಸ್ ಮೋರ್ ಅಂತ ಕೂಗುವ ಪದ್ಯಗಳು, ಗುರ್ರಂ ಜಾಷುವಾ ಅವರವು. ಜಾಷುವಾ 1895ರಲ್ಲಿ ವಿನುಕೊಂಡದಲ್ಲಿ ಹುಟ್ಟಿದ ದಲಿತ ಕವಿ. ಕೆಳಜಾತಿಯವನು ಅನ್ನಿಸಿಕೊಂಡು ಬದುಕಿನುದ್ದಕ್ಕೂ ಅವಮಾನ ತಿಂದವರು. 1941ರ ಅವರ 'ಗಬ್ಬಿಲಂ' ಕಾವ್ಯದಲ್ಲಿ ಅಸ್ಪೃಶ್ಯನೊಬ್ಬ ತನ್ನ ದುಃಖವನ್ನು ಶಿವನಿಗೆ ತಲುಪಿಸೋಕೆ ಬಾವಲಿಯನ್ನ ಕಳಿಸ್ತಾನೆ. ಬಾವಲಿಯೇ ಯಾಕೆ? ಅದು ಗುಡಿಯೊಳಗೆ ಹೋಗಬಹುದು, ಅವನು ಹೋಗುವ ಹಾಗಿಲ್ಲ. ಯೋಚನೆ ಮಾಡಿ: ಇವರ ಪದ್ಯಕ್ಕೆ ಚಪ್ಪಾಳೆ ಹೊಡೆದ ಎಷ್ಟು ಊರುಗಳಲ್ಲಿ ಇವರ ಜಾತಿಯವರಿಗೆ ಚಾಪೆ ಇತ್ತು?

ಕನ್ನಡದ ಕಡೆಗೂ ಇಂಥದ್ದೇ ಒಂದು ಕೊಂಡಿ. 1965ರ ರಾಜ್‌ಕುಮಾರ್ ಅವರ 'ಸತ್ಯಹರಿಶ್ಚಂದ್ರ' ಸಿನಿಮಾದಲ್ಲಿ ಎಂ.ಪಿ. ಶಂಕರ್ ವೀರಬಾಹು. ಕುಲದ ಹೆಮ್ಮೆಯನ್ನು ಗೇಲಿ ಮಾಡುವ ಅವನ ಹಾಡು ಇವತ್ತಿಗೂ ನಮ್ಮ ಕಾಲೋನಿಯ ಫಂಕ್ಷನ್ ಯಾವುದರಲ್ಲೂ ತಪ್ಪಲ್ಲ. ಅದನ್ನು ಹಾಡಿದವರು ತೆಲುಗಿನ ಘಂಟಸಾಲ. ಕನ್ನಡ ಹಾಡು, ತೆಲುಗು ಗಂಟಲು. ನಮ್ಮ ಮಡಕಶಿರದ ಹಾಗೇ.

ಇಳಿಸಿದರು, ಮತ್ತೆ ಹಿಡಿದರು

ಈಗ ಹಿರಿಯರ ಪ್ರಶ್ನೆಗೆ ಬರ್ತೀನಿ. ಬಾಬಾಸಾಹೇಬರ ನೇತೃತ್ವದಲ್ಲಿ ಬಂದ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಇದು ಎಲ್ಲರಿಗೂ ಗೊತ್ತು. 23ನೇ ವಿಧಿಯ ಬಗ್ಗೆ ನಾವು ಕಡಿಮೆ ಮಾತಾಡ್ತೀವಿ. ಅದು ಬಿಟ್ಟಿ ಚಾಕರಿಯನ್ನು, ಬಲವಂತದ ದುಡಿಮೆಯನ್ನು ನಿಷೇಧಿಸುತ್ತೆ. ನನ್ನ ಪ್ರಕಾರ ಅದು ನಮ್ಮ ತಮಟೆಯ ವಿಧಿ. ತಾತನ "ಆಗಲ್ಲ" ಅನ್ನೋ ಮಾತಿಗೆ ಕಾನೂನಿನ ಕಿವಿ ಕೊಟ್ಟಿದ್ದು ಅದೇ. 1989ರ ದೌರ್ಜನ್ಯ ತಡೆ ಕಾಯ್ದೆಯೂ ಬಿಟ್ಟಿ ಮಾಡಿಸುವುದನ್ನು ಅಪರಾಧ ಅಂತ ಹೇಳಿತು. 2015ರ ತಿದ್ದುಪಡಿ ಸತ್ತ ದನ ಹೊರಿಸುವುದನ್ನೂ, ಗುಣಿ ತೋಡಿಸುವುದನ್ನೂ ಸೇರಿಸಿತು.

ಕಾನೂನು ಬಂದ ಕೂಡಲೇ ಊರು ಬದಲಾಗಲಿಲ್ಲ. 1970ರ ದಶಕದಲ್ಲಿ ಕರ್ನಾಟಕದಲ್ಲಿ ಪ್ರೊ. ಬಿ. ಕೃಷ್ಣಪ್ಪ ಮುಂತಾದವರು ದಲಿತ ಸಂಘರ್ಷ ಸಮಿತಿ ಕಟ್ಟಿದರು. ಎಷ್ಟೋ ಹಳ್ಳಿಗಳ ಯುವಕರು ಇನ್ನು ಊರಿನ ತಮಟೆ ಬಾರಿಸಲ್ಲ, ಸತ್ತ ದನ ಎತ್ತಲ್ಲ ಅಂದರು. ಅದಕ್ಕೆ ಬಹಿಷ್ಕಾರ, ಹೊಡೆತ, ಕೂಲಿ ಇಲ್ಲದ ದಿನಗಳು. ನಮ್ಮ ಕಾಲೋನಿಯ ಹಿರಿಯರು ಶಿರಾ, ಪಾವಗಡದ ನೆಂಟರ ಮನೆಗೆ ಹೋದಾಗ ಈ ಸುದ್ದಿ ಕೇಳಿ ಬಂದರಂತೆ. ಇಲ್ಲೂ ಒಬ್ಬೊಬ್ಬರಾಗಿ ಬಿಟ್ಟರು. ಬಿಟ್ಟ ವರ್ಷ ಕಣದ ರಾಗಿ ಬರಲಿಲ್ಲ. ಅಜ್ಜಿ ಹೇಳ್ತಾಳೆ, ಆ ವರ್ಷ ಗೆಡ್ಡೆ ಸೊಪ್ಪು ತಿಂದು ಕಳೆದೆವು ಅಂತ.

ಆದರೆ ಅದೇ ಚಳವಳಿ ತಮಟೆಯನ್ನು ಎಸೆಯಲಿಲ್ಲ. ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂತು. ಆ ಹಾಡುಗಳು ಸಭೆಗಳಿಗೆ, ಜಾಥಾಗಳಿಗೆ ಹೋದಾಗ ಜೊತೆಗೆ ಹೋದದ್ದು ತಮಟೆ. ಈ ಕಡೆ ಆಂಧ್ರದಲ್ಲಿ 1985ರ ಕಾರಂಚೇಡು ಹತ್ಯಾಕಾಂಡದ ನಂತರ ದಲಿತ ಮಹಾಸಭಾ ಎದ್ದು ನಿಂತಿತು. 1994ರಲ್ಲಿ ಪ್ರಕಾಶಂ ಜಿಲ್ಲೆಯಲ್ಲಿ ಶುರುವಾದ ಹೋರಾಟವೊಂದು ದಂಡೋರ ಅನ್ನೋ ಹೆಸರನ್ನೇ ಇಟ್ಟುಕೊಂಡಿತು. ದಂಡೋರ ಅಂದ್ರೆ ಡಂಗೂರ. ಊರ ಯಜಮಾನರ ಸುದ್ದಿ ಸಾರೋಕೆ ಬಳಸಿದ ಡಪ್ಪಿನಿಂದ ನಮ್ಮ ಸುದ್ದಿಯನ್ನೇ ಸಾರಿದರು.

ನನಗೆ ಉತ್ತರ ಸಿಕ್ಕಿದ್ದು ಇಲ್ಲಿ. ಹಿರಿಯರು ಇಳಿಸಿದ್ದು "ಬಾರಿಸು" ಅನ್ನೋ ಅಪ್ಪಣೆಯನ್ನ. ಅದನ್ನು ಇಳಿಸದೇ ಹೋಗಿದ್ದರೆ ಇವತ್ತು "ಬಾರಿಸ್ತೀವಿ" ಅನ್ನೋಕೆ ನಮಗೆ ಹಕ್ಕೇ ಇರ್ತಿರಲಿಲ್ಲ. ಆದ್ದರಿಂದ ಅವರ ಕೋಪವೂ ಸರಿ, ತಮಟೆ ಇರಲಿ ಅನ್ನೋ ನಮ್ಮ ಆಸೆಯೂ ಸರಿ.

ಈಗ ನಾವು ಏನು ಮಾಡಬಹುದು

ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಸಂತೋಷ. ಆದರೆ ಪ್ರಶಸ್ತಿ ಒಬ್ಬರಿಗೆ, ಹೊಟ್ಟೆ ಎಲ್ಲರಿಗೂ. ನಮ್ಮ ರಾಜ್ಯದಲ್ಲಿ ಡಪ್ಪು ಕಲಾವಿದರಿಗೆ ಪಿಂಚಣಿ ಇದೆ. 2024ರ ಜುಲೈನಿಂದ ಅದು ತಿಂಗಳಿಗೆ 4000 ರೂಪಾಯಿ ಆಗಿದೆ. ನಮ್ಮ ಬೀದಿಗಳಲ್ಲಿ ಅದಕ್ಕೆ ಅರ್ಹರಾದ ಎಷ್ಟು ಜನ ಅರ್ಜಿಯನ್ನೇ ಹಾಕಿಲ್ಲ? ಸಂಘದ ಹುಡುಗರು ಮನೆಮನೆಗೆ ಹೋಗಿ ಕೇಳಿ, ಸಚಿವಾಲಯದಲ್ಲಿ ಅರ್ಜಿ ತುಂಬಿಸಿಕೊಡಬೇಕು. ಇದು ಮೊದಲ ಕೆಲಸ.

ಎರಡನೇದು, ನಮ್ಮ ತಂಡವನ್ನ ಯಾರೇ ಕರೆದರೂ ದರ ಮೊದಲೇ ಮಾತಾಡಿ, ಬರೆದಿಟ್ಟುಕೊಂಡು ಹೋಗೋಣ. ಬ್ಯಾಂಡ್‌ನವರಿಗೆ, ಡಿಜೆಗೆ ಅಡ್ವಾನ್ಸ್ ಕೊಡ್ತಾರೆ. ತಮಟೆಗೆ ಮಾತ್ರ "ನೋಡಿ ಕೊಡ್ತೀವಿ" ಯಾಕೆ? ಊಟಕ್ಕೆ ಎಲ್ಲರ ಪಂಕ್ತಿಯಲ್ಲೇ ಎಲೆ ಹಾಕದ ಕಡೆಗೆ ಹೋಗೋದು ಬೇಡ. ಸಾವಿನ ಮನೆಗೆ ಹೋಗೋದು ಬಿಡೋದು ಆಯಾ ಕಲಾವಿದನ ಇಷ್ಟ. ಯಾರೂ ಬಲವಂತ ಮಾಡಬಾರದು, ನಾವೂ ಮಾಡಬಾರದು.

ಮೂರನೇದು, ಹುಡುಗಿಯರು. ನನ್ನ ತಂಗಿ ನನಗಿಂತ ಚೆನ್ನಾಗಿ ಬಾರಿಸ್ತಾಳೆ, ಮನೆಯೊಳಗೆ ಮಾತ್ರ. ಮೇಲಿನವರು ನಮಗೆ ಹಾಕಿದ ಗೆರೆಯನ್ನು ಬೈತಾ ನಾವೇ ಇನ್ನೊಂದು ಗೆರೆ ಹಾಕಿದರೆ ಹೇಗೆ?

ನಾಲ್ಕನೇದು, ಎಲ್ಲರ ಕೈಯಲ್ಲೂ ಫೋನ್ ಇದೆ. ಅಜ್ಜಿಯ ಸೋಬಾನೆ, ತಾತಂದಿರ ಗತ್ತುಗಳು, ಅವು ಯಾವ ಸಂದರ್ಭಕ್ಕೆ ಅನ್ನೋದನ್ನ ರೆಕಾರ್ಡ್ ಮಾಡಿ ಇಡೋಣ. ನಮ್ಮ ತಾತ ತೀರಿಕೊಂಡಾಗ ಅವರ ಜೊತೆಗೆ ಎಷ್ಟು ಗತ್ತುಗಳು ಹೋದವೋ, ಯಾರೂ ಎಣಿಸಲಿಲ್ಲ. ನಾನೂ ಆಗ ಫೋನಿನಲ್ಲಿ ಬೇರೇನೋ ನೋಡ್ತಿದ್ದೆ.

ಮೆರವಣಿಗೆಯ ಜಗಳ ಕೊನೆಗೆ ಏನಾಯ್ತು ಅಂತ ನಿಮಗೆ ಗೊತ್ತು. ಬಾಬಾಸಾಹೇಬರ ಚಿತ್ರದ ಮುಂದೆ ತಮಟೆ, ಹಿಂದೆ ಸಣ್ಣ ಸೌಂಡ್ ಬಾಕ್ಸ್. ಹುಡುಗರು ಹುಲ್ಲು ಹೊತ್ತಿಸಿ ಕಾಯಿಸ್ತಾ ಇದ್ದಾಗ ಆ ಹಿರಿಯರು ದೂರದಲ್ಲೇ ನಿಂತಿದ್ದರು. ಆಮೇಲೆ ಹತ್ತಿರ ಬಂದು, ಒಬ್ಬನ ತಮಟೆ ಮುಟ್ಟಿ ನೋಡಿ, "ಇನ್ನೂ ಕಾಯ್ಬೇಕು" ಅಂದರು. ಬಾರಿಸಲಿಲ್ಲ. ಯಾರೂ ಬಾರಿಸಿ ಅಂತ ಹೇಳಲೂ ಇಲ್ಲ.

ಜೈ ಭೀಮ್.

– ಬಿ.ಎ. ದ್ವಿತೀಯ ವರ್ಷದ ವಿದ್ಯಾರ್ಥಿ, ಸಂಘದ ಸದಸ್ಯ